ಮನೆಯ ಸಾಮಗ್ರಿಯೂ ಬಾಲ್ಯದ ಸ್ಮೃತಿಯೂ: ತೀರ್ಥಹಳ್ಳಿ ಸೀಮೆಯ ಕೆಲವು ಉಪಕರಣಗಳನ್ನು ಕುರಿತು

ಇತಿಹಾಸದ ಆಕರಗಳೆಂದು ನಾವು ಸಾಮಾನ್ಯವಾಗಿ ಎಣಿಸುವವು ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹ, ಸರ್ಕಾರದ ದಫ್ತರು ಇವೇ ಮುಂತಾದುವು. ಒರಳುಕಲ್ಲು, ಉಪ್ಪಿನಕಾಯಿಯ ಭರಣಿ, ಭತ್ತ ಅಳೆಯುವ ಕೊಳಗ ಇವುಗಳಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವ ವಾಡಿಕೆಯಿಲ್ಲ. ಆದರೆ ಶಾಸನಕ್ಕಾಗಲಿ ದಫ್ತರಿಗಾಗಲಿ ಇಲ್ಲದ ಒಂದು ಶಕ್ತಿ ಈ ಬಡ ಸಾಮಗ್ರಿಗಳಿಗೆ ಉಂಟು. ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಮುಂದೆ ತಾಮ್ರಪಟವನ್ನು ಇಟ್ಟರೆ ಆಕೆ ಕೈ ಮುಗಿದಾಳು. ಅವಳ ತವರಿನಲ್ಲಿದ್ದಂಥ ಒಂದು ಮೆಟ್ಟುಗತ್ತಿಯನ್ನು ಇಟ್ಟರೆ ಒಂದು ಗಂಟೆ ಮಾತಾಡಿಯಾಳು. ಈ ಶಕ್ತಿ ಎಲ್ಲಿಂದ ಬಂದಿತು, ಅದರಿಂದ ಹೊರಡುವ ಮಾತನ್ನು ಇತಿಹಾಸದ ವಿದ್ಯಾರ್ಥಿ ಎಷ್ಟರಮಟ್ಟಿಗೆ ನಂಬಬಹುದು ಎಂಬೆರಡು ಪ್ರಶ್ನೆಗಳನ್ನು ವಿವೇಚಿಸುವುದು ಈ ಪ್ರಬಂಧದ ಉದ್ದೇಶ. ಉದಾಹರಣೆಗಳನ್ನು ತೀರ್ಥಹಳ್ಳಿ ತಾಲ್ಲೂಕಿನಿಂದಲೂ, ಅದರ ಸಮೀಪದ ಹೊಸನಗರ, ಸಾಗರ ತಾಲ್ಲೂಕುಗಳಿಂದಲೂ ಆರಿಸಿಕೊಂಡಿದೆ.

ಮೊದಲು ಸ್ಮೃತಿಯ ವಿಚಾರ. ಪಂಚೇಂದ್ರಿಯಗಳಲ್ಲಿ ನೆನಪಿಗೆ ಅತ್ಯಂತ ಸಮೀಪವರ್ತಿಯಾದದ್ದು ಘ್ರಾಣ. ಕಣ್ಣು, ಕಿವಿ, ಚರ್ಮಗಳು ಗ್ರಹಿಸಿದ್ದು ಮಿದುಳಿನೊಳಗೆ ಥಾಲಮಸ್ ಎಂಬ ನಡುಮನೆಯನ್ನು ಹಾದು ಮುಂದುವರಿಯುತ್ತದೆ. ಮೂಗು ಗ್ರಹಿಸಿದ್ದಾದರೋ ಆ ನಡುಮನೆಯನ್ನು ಬಳಸದೆ, ಭಾವಕ್ಕೂ ನೆನಪಿಗೂ ಮುಖ್ಯವಾದ ಭಾಗಗಳನ್ನು ನೇರವಾಗಿ ಮುಟ್ಟುತ್ತದೆ. ವಯಸ್ಸಾದವರನ್ನು ಮಾತಿನಿಂದ ಪ್ರಶ್ನಿಸಿದರೆ ಅವರು ಹೆಚ್ಚಾಗಿ ಹೇಳುವುದು ಹತ್ತರಿಂದ ಮೂವತ್ತು ವರ್ಷದೊಳಗಿನ ಸಂಗತಿಗಳನ್ನು. ವಾಸನೆಯೊಂದನ್ನು ಮೂಗಿಗೆ ಹಿಡಿದರೆ ಹೊರಬರುವ ನೆನಪುಗಳು ಹತ್ತು ವರ್ಷಕ್ಕೂ ಹಿಂದಿನವಾಗಿರುವುದೇ ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ನಮ್ಮ ಭಾಷೆ ಇದನ್ನು ಬೇರೊಂದು ದಾರಿಯಿಂದ ಊಹಿಸಿದಂತಿದೆ. ‘ವಾಸನೆ’ ಎಂಬ ಒಂದೇ ಮಾತು ಮೂಗಿಗೆ ಬಡಿಯುವ ಗಂಧವನ್ನೂ ಹೇಳುತ್ತದೆ, ಹಿಂದಿನ ಅನುಭವವು ಚಿತ್ತದ ಮೇಲೆ ಬಿಟ್ಟುಹೋದ ಸಂಸ್ಕಾರವನ್ನೂ ಹೇಳುತ್ತದೆ.

ಎರಡನೆಯ ಕಾರಣ ಸಾಮಾಜಿಕವಾದದ್ದು. ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞ ಮೊರಿಸ್ ಹಾಲ್ಬ್ವಾಕ್ಸ್ 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯ ಒಬ್ಬೊಂಟಿಯಾಗಿ ನೆನೆಯುವುದಿಲ್ಲ, ತಾನು ಸೇರಿದ ಗುಂಪಿನ ಚೌಕಟ್ಟಿನೊಳಗೆ ನೆನೆಯುತ್ತಾನೆ ಎಂದು ವಾದಿಸಿದನು. ಮನೆಯೊಳಗಿನ ವಸ್ತುಗಳು ಇದ್ದಲ್ಲಿಯೇ ಇದ್ದು ಆ ಗುಂಪಿಗೆ ಸ್ಥಿರತೆಯ ಭಾವವನ್ನು ಕೊಡುತ್ತವೆ ಎಂಬುದು ಅವನ ಇನ್ನೊಂದು ಮಾತು. ಮಲೆನಾಡಿನಲ್ಲಿ ಈ ಮಾತಿಗೆ ಹೆಚ್ಚಿನ ಬಲ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕು ತಿಂಗಳಲ್ಲಿ. ಬಯಲುಸೀಮೆಯ ಮಗುವಿಗೆ ಬೀದಿಯೂ ಅರಳಿಕಟ್ಟೆಯೂ ಆಟದ ಬಯಲು. ಒಂಟಿಮನೆಯ ಮಲೆನಾಡಿನ ಮಗುವಿಗೆ ಆ ನಾಲ್ಕು ತಿಂಗಳು ಜಗುಲಿ, ನಡುಮನೆ, ಅಡಿಗೆಮನೆ, ಬಚ್ಚಲೊಲೆಯ ಮುಂದಿನ ಬಿಸಿ ಜಾಗ ಇಷ್ಟೇ ಲೋಕ. ಆದ್ದರಿಂದ ಮನೆಯ ಸಾಮಾನುಗಳೇ ಅದರ ಸಂಗಾತಿಗಳಾದುವು. ಆಷಾಢದಲ್ಲಿ ಹೊರಬರುತ್ತಿದ್ದ ಚನ್ನೆಮಣೆ ಇದಕ್ಕೆ ನಿದರ್ಶನ: ಹದಿನಾಲ್ಕು ಗುಳಿಗಳ ಆ ಮರದ ಹಲಗೆ, ಒಂದು ಹಿಡಿ ಹುಣಿಸೆಬೀಜ ಇದ್ದರೆ ಮಧ್ಯಾಹ್ನ ಕಳೆಯುತ್ತಿತ್ತು. ಎಣಿಕೆಯನ್ನು ಮಕ್ಕಳು ಶಾಲೆಗಿಂತ ಮೊದಲು ಅಲ್ಲಿಯೇ ಕಲಿತರೆಂದರೆ ತಪ್ಪಾಗಲಾರದು.

ಇನ್ನು ವಸ್ತುಗಳಿಗೆ ಬರೋಣ. ನೆಲದಲ್ಲಿ ಹೂತ ಒರಳು, ಅದರ ಗುಂಡುಕಲ್ಲು, ಬೀಸುವ ಕಲ್ಲು, ಒನಕೆ ಇವು ಕಿವಿಯ ನೆನಪುಗಳು. ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದಿಗೆ ಅರೆ ಎಚ್ಚರವಾಗಿ ಮತ್ತೆ ಕಂಬಳಿಯೊಳಗೆ ಮುದುಡಿದ್ದನ್ನು ಹಳಬರು ಬಹು ಪ್ರೀತಿಯಿಂದ ಹೇಳುತ್ತಾರೆ. ಹೇಳುವವರು ಬಹುಮಟ್ಟಿಗೆ ಗಂಡಸರು ಎಂಬುದನ್ನು ಗಮನಿಸಬೇಕು. ಆ ಕಲ್ಲಿನ ಗೂಟವನ್ನು ಹಿಡಿದು ಕುಳಿತ ಹೆಂಗಸಿಗೆ ಆ ನಸುಕು ಕಂಬಳಿಯ ನಸುಕಾಗಿರಲಿಲ್ಲ. ರಾಗಿಯನ್ನಾಗಲಿ ಅಕ್ಕಿಯನ್ನಾಗಲಿ ಬೀಸಿ, ಕಡುಬಿಗೋ ರೊಟ್ಟಿಗೋ ಸಿದ್ಧಮಾಡಿ, ಅನಂತರ ಕೊಟ್ಟಿಗೆಗೆ ಹೋಗುವ ದಿನಚರಿ ಅವಳದು. ಊರಿಗೆ ಹಿಟ್ಟಿನ ಗಿರಣಿಯೂ ಅಕ್ಕಿಯ ಗಿರಣಿಯೂ ಬಂದಾಗ ಅವಳು ಕಲ್ಲನ್ನು ಮೂಲೆಗೆ ಸರಿಸಿದಳು. ಅದಕ್ಕಾಗಿ ಹಲುಬಿದಳೆಂದು ಎಲ್ಲಿಯೂ ಕೇಳಿಬರುವುದಿಲ್ಲ. ಒಂದೇ ವಸ್ತು ಕೇಳಿದವನಿಗೆ ಜೋಗುಳ, ಎಳೆದವಳಿಗೆ ತೋಳಿನ ನೋವು. ಶ್ಯಾವಿಗೆ ಒತ್ತುವ ಮರದ ಒರಳಿನ ಮಾತು ಮಾತ್ರ ಬೇರೆ: ಬೆಂದ ಹಿಟ್ಟಿನ ಉಂಡೆಯನ್ನು ಅದರ ಬಾಯಿಗೆ ಹಾಕಿ ಸನ್ನೆಯನ್ನು ಒತ್ತುವಾಗ ಮಕ್ಕಳಿಗೂ ಅದರ ತುದಿಗೆ ಜೋತುಬೀಳುವ ಅಧಿಕಾರವಿರುತ್ತಿತ್ತು. ಅದನ್ನು ನೆನೆದು ಗಂಡಸರೂ ಹೆಂಗಸರೂ ಸಮನಾಗಿ ನಗುತ್ತಾರೆ.

ಉಪ್ಪಿನಕಾಯಿಯ ಭರಣಿಯನ್ನು ಮೂಗಿನ ಸಾಮ್ರಾಜ್ಯಕ್ಕೇ ಬಿಟ್ಟುಕೊಡಬೇಕು. ಸಾಗರ, ಹೊಸನಗರ, ರಿಪ್ಪನ್‌ಪೇಟೆಗಳ ಸುತ್ತಣ ಹೊಳೆದಂಡೆಯ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ನೆನೆಯಿಟ್ಟು, ಖಾರ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಕೋಣೆಯಲ್ಲಿಡುತ್ತಿದ್ದರು. ಒದ್ದೆ ಕೈಯಿಂದ ಮುಟ್ಟಿದರೆ ಕೆಡುವುದೆಂಬ ಭಯದಿಂದ ಭರಣಿಯ ಬಳಿಗೆ ಮಕ್ಕಳಿಗೆ ಪ್ರವೇಶವಿರಲಿಲ್ಲ. ನಿಷೇಧವೂ ನೆನಪಿನ ಒಂದು ಕೊಕ್ಕೆ. ಮುಟ್ಟಬಾರದೆಂದ ವಸ್ತುವನ್ನು ಮಗು ಮುಟ್ಟಬಹುದಾದ ವಸ್ತುವಿಗಿಂತ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಈ ಸೀಮೆಯ ವಿಶಿಷ್ಟ ಉಪಕರಣವೆಂದರೆ ಮೆಟ್ಟುಗತ್ತಿ. ಮರದ ಮಣೆಯೊಂದಕ್ಕೆ ನೆಟ್ಟ ಬಾಗಿದ ಅಲಗು. ಮಣೆಯನ್ನು ಮೆಟ್ಟಿ ಹಿಡಿದು ಕೆಲಸಮಾಡುವುದರಿಂದ ಆ ಹೆಸರು. ಅಡಿಕೆಯ ಕೊಯಿಲು ದೀಪಾವಳಿಯ ಆಚೀಚೆ ಆರಂಭವಾದರೆ ಕೆಲವು ತಿಂಗಳುಗಳ ಕಾಲ ಇಳಿಹೊತ್ತಿನಿಂದ ಸರಿರಾತ್ರಿಯ ವರೆಗೆ ಸಾಲಾಗಿ ಮೆಟ್ಟುಗತ್ತಿಗಳನ್ನಿಟ್ಟುಕೊಂಡು ಹಸಿ ಅಡಿಕೆಯ ಸಿಪ್ಪೆಯನ್ನು ಸುಲಿಯುತ್ತಿದ್ದರು. ಸುಲಿದದ್ದನ್ನು ತಾಮ್ರದ ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಿ, ಅಟ್ಟದ ಮೇಲೆ ಹರಡಿ ಒಣಗಿಸಿ, ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವುದು ಮುಂದಿನ ಕೆಲಸ. ಚೊಗರು ಕುದಿಯುವ ಒಗರು ವಾಸನೆ, ಕಪ್ಪಾಗಿ ವಾರಗಟ್ಟಲೆ ಉಳಿಯುವ ಬೆರಳ ಬಣ್ಣ, ಹಿಂದೆ ಚಿಮಣಿ ದೀಪ, ಆಮೇಲೆ ಗ್ಯಾಸ್‌ಲೈಟು, ಅದರ ಸುತ್ತ ಹೇಳುತ್ತಿದ್ದ ದೆವ್ವದ ಕಥೆ, ಯಕ್ಷಗಾನದ ಪ್ರಸಂಗಗಳ ಚರ್ಚೆ ಇವೆಲ್ಲವೂ ಈ ಒಂದು ಅಲಗಿಗೆ ಅಂಟಿಕೊಂಡಿವೆ. ಆ ಚಪ್ಪರದಲ್ಲಿ ಮನೆಯವರ ಮಗುವೂ ಇತ್ತು, ಕೂಲಿಗೆ ಬಂದವರ ಮಗುವೂ ಇತ್ತು. ಒಂದು ಕಥೆ ಕೇಳುತ್ತ ನಿದ್ದೆಹೋಯಿತು. ಇನ್ನೊಂದು ತಾಯಿಯ ಬುಟ್ಟಿ ತುಂಬುವುದನ್ನು ಎಣಿಸುತ್ತ ಎಚ್ಚರವಾಗಿತ್ತು, ಸುಲಿದಷ್ಟಕ್ಕೇ ಕೂಲಿಯಾದ್ದರಿಂದ. ಈಚಿನ ವರ್ಷಗಳಲ್ಲಿ ಸುಲಿಯುವ ಯಂತ್ರಗಳು ಹರಡಿದ ಮೇಲೆ ಮೆಟ್ಟುಗತ್ತಿಯ ಸಾಲು ಹಲವು ಮನೆಗಳಿಂದ ಮರೆಯಾಗಿದೆ. ‘ಆ ಒಗ್ಗಟ್ಟು ಈಗಿಲ್ಲ’ ಎಂಬ ಮಾತನ್ನು ಕೇಳಿದಾಗಲೆಲ್ಲ, ಹೇಳುವವರು ಅಲಗಿನ ಯಾವ ಕಡೆಗೆ ಕುಳಿತಿದ್ದವರೆಂದು ವಿಚಾರಿಸುವುದು ನಮ್ಮ ಕರ್ತವ್ಯ.

ಅಳತೆಯ ಪಾತ್ರೆಗಳಲ್ಲಿ ಈ ಮಾತು ಇನ್ನೂ ತೀಕ್ಷ್ಣವಾಗುತ್ತದೆ. ಸೇರು, ಪಾವು, ಚಟಾಕು, ಸಿದ್ದೆ, ಕೊಳಗ ಇವು ಒಂದೊಂದು ಮನೆಯಲ್ಲಿಯೂ ಇದ್ದುವು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಬಿತ್ತುವ ಬೀಜದ ಖಂಡುಗದಿಂದಲೇ ಗದ್ದೆಯ ವಿಸ್ತಾರವನ್ನು ಹೇಳುತ್ತಿದ್ದರು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಕ್ಕೇರಿ, ನಗರಗಳನ್ನು ಹಾದು ಹೋದವನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಊರೂರಿನ ಅಳತೆಗಳ ವ್ಯತ್ಯಾಸ ಮತ್ತೆ ಮತ್ತೆ ಬರುವುದನ್ನು ಕಾಣಬಹುದು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದ ವಾಡಿಕೆಯನ್ನು ಹಳಬರೆಲ್ಲರೂ ಬಲ್ಲರು. ಬಾಲ್ಯವನ್ನು ನೆನೆಯುವವರಿಗೆ ಕೊಳಗವೆಂದರೆ ಸುಗ್ಗಿಯ ಆ ‘ಲಾಭ’ದ ದನಿ, ಬೆಳದಿಂಗಳ ಕಣ, ಭತ್ತದ ಧೂಳಿನ ತುರಿಕೆ.

ಆದರೆ ಇದೇ ಪಾತ್ರೆ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಂದು ದೊಡ್ಡ ಹೋರಾಟಕ್ಕೆ ಮೂಲವಾಯಿತು. ಗೇಣಿಯನ್ನು ಅಳೆದು ತೆಗೆದುಕೊಳ್ಳುವಾಗ ಒಡೆಯರು ಬಳಸುವ ಕೊಳಗ ಸರ್ಕಾರಿ ಪ್ರಮಾಣಕ್ಕಿಂತ ದೊಡ್ಡದೆಂಬುದು ಗೇಣಿದಾರರ ದೂರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರ ಸಂಘಟನೆಯಿಂದ ಆರಂಭವಾದ ಈ ಚಳವಳಿಗೆ ಸಮಾಜವಾದಿ ಪಕ್ಷ ಬೆಂಬಲವಿತ್ತಿತು. ತೀರ್ಥಹಳ್ಳಿ ತಾಲ್ಲೂಕಿನವರಾದ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರಾದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಗದ್ದೆ ಯಾರದೆಂಬ ಪ್ರಶ್ನೆ ಬಳಿಕ ಬಂದಿತು, ಮೊದಲ ಜಗಳ ಪಾತ್ರೆಯ ಹೊಟ್ಟೆಯನ್ನು ಕುರಿತದ್ದು. ಬಾಯಿಮಟ್ಟ ಅಳೆಯಬೇಕೋ, ಮೇಲೆ ಗೋಪುರ ಬರುವಂತೆ ಅಳೆಯಬೇಕೋ ಎಂಬ ಅಂತರವೂ ಖಂಡುಗಗಳ ಲೆಕ್ಕದಲ್ಲಿ ಒಂದು ಸಂಸಾರದ ಮಳೆಗಾಲದ ಊಟವಾಗುತ್ತದೆ. 1956ರ ಶಾಸನದ ಮೇರೆಗೆ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ಅಳತೆ ಹಂತಹಂತವಾಗಿ ಜಾರಿಗೆ ಬಂದಿತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಶಾಸನವು ಗೇಣಿಯನ್ನೇ ಕೊನೆಗಾಣಿಸಿತು. ಅಲ್ಲಿಗೆ ಕೊಳಗಕ್ಕೆ ಕೆಲಸವಿಲ್ಲದಂತಾಯಿತು. ಪಾವು ಸೇರುಗಳು ಮಾತ್ರ ಅಕ್ಕಿಯ ಡಬ್ಬಿಯೊಳಗೆ ಬಹುಕಾಲ ಬದುಕಿದುವು. ಎಷ್ಟೋ ಮನೆಗಳಲ್ಲಿ ಇಂದಿಗೂ ಅನ್ನಕ್ಕೆ ಅಕ್ಕಿಯನ್ನು ‘ಪಾವಿ’ನಲ್ಲಿಯೇ ಹೇಳುತ್ತಾರೆ. ಹಿತ್ತಾಳೆಯ ಹಳೆಯ ಸೇರಿಗೆ ಹೊಳಪು ಕೊಟ್ಟು ಬೆಂಗಳೂರಿನ ಮನೆಯ ದಿವಾನಖಾನೆಯಲ್ಲಿ ಹೂವಿಡಲು ಬಳಸುವುದನ್ನೂ ಕಾಣುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಆ ಹೂವಿನ ಕೆಳಗೆ ಒಂದು ಮೊಕದ್ದಮೆಯೂ ಇದೆ.

ವಸ್ತುಗಳಷ್ಟೇ ಅವುಗಳ ಹೆಸರುಗಳೂ ಸಾಕ್ಷಿ ನುಡಿಯುತ್ತವೆ. ಈಳಿಗೆ, ಒನಕೆ, ಮೊರ, ಮಣೆ ಅಚ್ಚಗನ್ನಡದವು. ಕುರ್ಚಿ ಅರಬ್ಬಿಯಿಂದ ಬಂದದ್ದು. ಕಂದೀಲು ಕೂಡ ಅದೇ ದಾರಿಯದು. ಅಲಮಾರು, ಚಾವಿಗಳು ಪೋರ್ಚುಗೀಸರ ಮಾತುಗಳು. ಇಕ್ಕೇರಿ, ಬಿದನೂರುಗಳ ಮೆಣಸು ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದಾಗ ಘಟ್ಟದ ಮೇಲಕ್ಕೆ ಉಪ್ಪು, ಒಣಮೀನುಗಳ ಜೊತೆಗೆ ಇಂಥ ಮಾತುಗಳೂ ಹತ್ತಿಬಂದುವೆಂದು ಭಾವಿಸಲು ಅಡ್ಡಿಯಿಲ್ಲ. ಸೀಮೆಎಣ್ಣೆ, ಸೀಮೆಸುಣ್ಣ ಎಂಬಲ್ಲಿಯ ‘ಸೀಮೆ’ ಪರದೇಶವನ್ನು ಸೂಚಿಸುತ್ತದೆ. ಚಿಮಣಿ ದೀಪವನ್ನು ‘ಅನಾದಿಕಾಲದ್ದು’ ಎಂದು ನಂಬಿರುವವರಿಗೆ ಅದರ ಎಣ್ಣೆಯ ಹೆಸರೇ ಉತ್ತರ: ಸೀಮೆಎಣ್ಣೆ ನಮ್ಮ ಹಳ್ಳಿಗಳಿಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೂ ಹಿಂದಿನದಲ್ಲ. ಸಾಗರದ ಸಮೀಪದ ಜೋಗದಲ್ಲಿ ವಿದ್ಯುದಾಗಾರ 1948ರಲ್ಲಿಯೇ ಕಾರ್ಯಾರಂಭ ಮಾಡಿದರೂ, ಸುತ್ತಣ ಎಷ್ಟೋ ಹಳ್ಳಿಗಳ ಮಕ್ಕಳು ಮುಂದಿನ ಹಲವು ದಶಕ ಚಿಮಣಿಯ ಬೆಳಕಿನಲ್ಲಿಯೇ ಓದಿದರು.

ಓದಿನ ಸಾಮಗ್ರಿಯ ಬಗೆಗೆ ನಮಗೊಂದು ಅಪೂರ್ವ ಹೇಳಿಕೆ ದೊರೆತಿದೆ. ವೆಂಕಟಪ್ಪನಾಯಕನ ಕಾಲದಲ್ಲಿ, 1623ರಲ್ಲಿ, ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಘಟ್ಟದ ಹಾದಿಯ ಒಂದು ಗುಡಿಯ ಜಗುಲಿಯಲ್ಲಿ ಹುಡುಗರು ಗುರುವಿಲ್ಲದೆಯೇ ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ಅವರು ನೆಲದ ಮೇಲೆ ನಯವಾದ ಮರಳು ಹರಡಿ ಬೆರಳಿನಿಂದ ಬರೆಯುತ್ತ, ಬರೆದುದನ್ನು ರಾಗವಾಗಿ ಹೇಳುತ್ತಿದ್ದರು. ಜಾಗ ತುಂಬಿದರೆ ಮತ್ತೆ ಮರಳು ಎರಚುತ್ತಿದ್ದರು. ಕಾಗದವನ್ನೂ ಲೇಖನಿಯನ್ನೂ ಕೆಡಿಸದೆ ಕಲಿಯುವ ಉಪಾಯವೆಂದು ಆತ ಮೆಚ್ಚಿದನು. ದೊಡ್ಡವರ ಲೆಕ್ಕಕ್ಕೆ ಕಡತವಿತ್ತು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುವಂಥದು. ಮರಳು, ಬಳಪ, ಪಾಟಿ ಇವುಗಳ ಸಾಲಿನಲ್ಲಿ ಪಾಟಿಯನ್ನು ನೆನೆಯುವ ತಲೆಮಾರು ಮಾತ್ರ ಇಂದು ಉಳಿದಿದೆ. ಪಾಟಿಯನ್ನು ಒರಸಿದ ಎಲೆಯ ಹಸಿರು ವಾಸನೆಯನ್ನು ಕೇಳಿದರೆ ಅವರು ಕೂಡಲೇ ಗುರುತಿಸುತ್ತಾರೆ.

ಹಾಗಾದರೆ ಈ ನೆನಪುಗಳ ಪ್ರಾಮಾಣ್ಯವೇನು? ಕಾಲನಿರ್ಣಯದಲ್ಲಿ ಅವು ದುರ್ಬಲ. ಚಿಮಣಿಯ ಉದಾಹರಣೆಯನ್ನು ಆಗಲೇ ನೋಡಿದೆವು. ‘ನಮ್ಮಜ್ಜನ ಕಾಲದ್ದು’ ಎಂಬುದು ಮೂವತ್ತು ವರ್ಷವೂ ಆಗಬಹುದು, ನೂರೂ ಆಗಬಹುದು. ಕೆಲಸದ ಕ್ರಮವನ್ನು ಹೇಳುವಲ್ಲಿ ಮಾತ್ರ ಅವು ಬಹಳ ಗಟ್ಟಿ. ಗೊರಬಿನ ಬಿದಿರುಕಡ್ಡಿಯನ್ನು ಹೇಗೆ ಬಾಗಿಸಬೇಕು, ಕಂಬಳಿಯನ್ನು ಹೇಗೆ ಮಡಿಸಿದರೆ ಕೊಪ್ಪೆಯಾಗುತ್ತದೆ ಎಂಬುದನ್ನು ಮಾತಿನಲ್ಲಿ ಹೇಳಲಾರದ ಮುದುಕರು ವಸ್ತು ಕೈಗೆ ಬಂದರೆ ಮಾಡಿ ತೋರಿಸುತ್ತಾರೆ. ಕೈಯ ನೆನಪು ಬಾಯಿಯ ನೆನಪಿಗಿಂತ ನಿಧಾನವಾಗಿ ಅಳಿಯುತ್ತದೆ. ಸಾಗರ, ಹೊಸನಗರಗಳ ಕಡೆಯ ದೀವರ ಹೆಂಗಸರು ಭೂಮಿ ಹುಣ್ಣಿಮೆಗೆ ಸಿದ್ಧಪಡಿಸುವ ಭೂಮಣ್ಣಿ ಬುಟ್ಟಿ ಇದಕ್ಕೆ ಒಳ್ಳೆಯ ನಿದರ್ಶನ. ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆದು, ಬಯಕೆಯ ಅಡಿಗೆಯನ್ನು ಅದರಲ್ಲಿಟ್ಟು ಗದ್ದೆಗೆ ಒಯ್ಯುತ್ತಾರೆ. ಚಿತ್ತಾರದ ಕ್ರಮ ತಾಯಿಯ ಕೈಯಿಂದ ಮಗಳ ಕೈಗೆ ಬರುವುದೇ ಹೊರತು ಪುಸ್ತಕದಿಂದಲ್ಲ.

ನೆನಪು ಮೌನವಾಗುವ ಸ್ಥಳಗಳನ್ನೂ ಹೇಳಬೇಕು. ತೆಂಗಿನ ಗರಟದ ವಿಷಯವನ್ನು ತಾವಾಗಿಯೇ ಎತ್ತುವ ದೊಡ್ಡಮನೆಯವರನ್ನು ನಾನು ಕಂಡಿಲ್ಲ. ಅಂಗಳದಾಚೆ ನಿಂತವರಿಗೆ ಗರಟದಲ್ಲಿ ಎತ್ತರದಿಂದ ಹೊಯ್ಯುತ್ತಿದ್ದ ಕಾಲ ಬಹು ಹಿಂದಿನದಲ್ಲ. ಗರಟವೂ ಮನೆಯ ಸಾಮಾನೇ, ಅದಕ್ಕೂ ಒಂದು ಬಾಲ್ಯವುಂಟು. ಕುಡಿದ ಮಕ್ಕಳು ಅದನ್ನು ಮರೆತಿಲ್ಲ. ಬಾಲ್ಯದ ವಸ್ತುಗಳ ಪಟ್ಟಿಯನ್ನು ಹಂಡೆ ಭರಣಿಗಳಿಗೇ ಮುಗಿಸಿಬಿಟ್ಟರೆ ನಾವು ಬರೆದಂತಾಗುವುದು ಜಗುಲಿಯ ಮೇಲಿನವರ ಇತಿಹಾಸ ಮಾತ್ರ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ಸೀಮೆಯ ಅಭ್ಯಾಸಿಗೆ ಇಂದಿಗೂ ಬೇಕಾಗುವುದಕ್ಕೆ ಒಂದು ಕಾರಣ, ಅದರಲ್ಲಿ ಬಿಡಾರದ ಸಾಮಾನುಗಳಿಗೂ ಮನೆಯ ಸಾಮಾನುಗಳಷ್ಟೇ ಸ್ಥಳವಿರುವುದು.

ಸಾಮಗ್ರಿಗಳೇನೋ ಚದುರುತ್ತಿವೆ. ಪಾಲಾದ ಮನೆಗಳಿಂದ ತಾಮ್ರ ಹಿತ್ತಾಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಕೆತ್ತನೆಯ ಬಾಗಿಲುವಾಡಗಳು ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲು. ಸಂಗ್ರಹದ ಕೆಲಸ ನಡೆದೇ ಇಲ್ಲವೆಂದಲ್ಲ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು; ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಅದಕ್ಕಾಗಿ ಹಳ್ಳಿಹಳ್ಳಿ ತಿರುಗಿದರು. ಕೆಳದಿಯಲ್ಲಿ ಗುಂಡಾಜೋಯಿಸರು ಕಟ್ಟಿದ ಸಂಗ್ರಹವಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಯಲ್ಲಿ ಮಲೆನಾಡಿನ ಮನೆಯೊಂದರ ಪಾತ್ರೆಪರಡಿ, ಬೇಸಾಯದ ಉಪಕರಣಗಳನ್ನು ಅವುಗಳಿಗೆ ಸಲ್ಲುವ ಮನೆಯೊಳಗೇ ನೋಡಬಹುದು. ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕೂ ಅದರ ಮೂಲೆಯಲ್ಲಿಯೇ ಇಡುವುದಕ್ಕೂ ಇರುವ ಭೇದವನ್ನು ಅಲ್ಲಿಗೆ ಬರುವ ಮುದುಕರು ನಿಂತುಬಿಡುವ ರೀತಿಯಿಂದಲೇ ತಿಳಿಯಬಹುದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ಆವರಿಸಿತು. ಅಂದು ಮಕ್ಕಳಾಗಿದ್ದವರಿಗೆ ಈಗ ಎಪ್ಪತ್ತರ ಸುಮಾರು. ಮನೆ ಬಿಡುವಾಗ ಗಾಡಿಗೆ ಯಾವುದನ್ನು ಏರಿಸಿದರು, ಯಾವುದನ್ನು ಬಿಟ್ಟರು ಎಂಬ ಪ್ರಶ್ನೆಗೆ ಅವರ ಉತ್ತರ ಒಂದು ಕಾಲದ ಸಂಸಾರದ ಬೆಲೆಪಟ್ಟಿಯೇ ಆಗುತ್ತದೆ. ಆದ್ದರಿಂದ ನಮ್ಮ ವಿಭಾಗದ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸವಿದು: ಪ್ರತಿಯೊಂದು ವಸ್ತುವಿಗೂ ಅದರ ಊರಿನ ಹೆಸರು, ಭಾಗಗಳ ಹೆಸರು, ಮಾಡಿದವರು, ಕೊಟ್ಟ ಬೆಲೆ ಅಥವಾ ಭತ್ತ, ಮನೆಯಲ್ಲಿ ಅದು ಇರುತ್ತಿದ್ದ ಜಾಗ, ಅದನ್ನು ಮುಟ್ಟಬಹುದಾಗಿದ್ದವರು, ಮುಟ್ಟಬಾರದಾಗಿದ್ದವರು ಇಷ್ಟನ್ನು ಬರೆದುಕೊಳ್ಳುವುದು. ಒಂದೇ ವಸ್ತುವನ್ನು ಕುರಿತು ಮನೆಯೊಡೆಯರ ಕಡೆಯಿಂದ ಒಬ್ಬರನ್ನೂ, ಕೆಲಸಕ್ಕೆ ಬರುತ್ತಿದ್ದವರ ಕಡೆಯಿಂದ ಒಬ್ಬರನ್ನೂ, ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಬೇರೆಬೇರೆಯಾಗಿ ಕೇಳಬೇಕು. ಸಾಧ್ಯವಾದರೆ ವಸ್ತುವನ್ನು ಅವರ ಕೈಗೆ ಕೊಟ್ಟು ಕೇಳಬೇಕು. ಕಾಗೋಡಿನ ಸುತ್ತಮುತ್ತ ಇನ್ನೂ ಉಳಿದಿರುವ ಕೊಳಗಗಳನ್ನು ನೀರು ತುಂಬಿ ಲೀಟರಿನ ಲೆಕ್ಕದಲ್ಲಿ ಅಳೆದು, ಯಾವ ಮನೆಯದು ಎಷ್ಟು ಹಿಡಿಯುತ್ತದೆಂದು ಗುರುತಿಸುವುದರಿಂದ ಇದನ್ನು ಆರಂಭಿಸಬಹುದು.